ಸೂಜಿ ಅಲುಗಿತು, ರೈಲು ಓಡಿತು

ಎಗ್ಮೋರ್ ಎಂದರೆ ಮದ್ರಾಸು ಬಲ್ಲ ಕನ್ನಡಿಗರಿಗೆ ಮೊದಲು ನೆನಪಾಗುವುದು ಕೆಂಪು ಬಿಳುಪಿನ ರೈಲು ನಿಲ್ದಾಣ. ಓದುಬರಹದವರಾದರೆ ಪ್ಯಾಂಥಿಯನ್ ರಸ್ತೆಯ ವಸ್ತುಸಂಗ್ರಹಾಲಯವನ್ನೂ ಕನ್ನೆಮರಾ ಗ್ರಂಥಾಲಯವನ್ನೂ ಸೇರಿಸಿಕೊಂಡಾರು. ಆ ನಿಲ್ದಾಣ ಏಳುವುದಕ್ಕೆ ನೂರಿಪ್ಪತ್ತು ವರ್ಷಕ್ಕೂ ಮೊದಲು, 1786ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ ಎಗ್ಮೋರಿನಲ್ಲಿ ಸ್ವಂತ ಖರ್ಚಿನಿಂದ ಒಂದು ವೀಕ್ಷಣಾಲಯ ಕಟ್ಟಿಕೊಂಡ. ಅಲ್ಲಿದ್ದ ಸಲಕರಣೆ ಹೆಚ್ಚೇನಲ್ಲ: ಸಣ್ಣ ದೂರದರ್ಶಕಗಳು, ನಕ್ಷತ್ರ ನೆತ್ತಿ ದಾಟುವ ಕ್ಷಣ ಹಿಡಿಯುವ ಒಂದು ಉಪಕರಣ, ಇಂಗ್ಲೆಂಡಿನ ಜಾನ್ ಶೆಲ್ಟನ್ ತಯಾರಿಸಿದ ಲೋಲಕದ ಗಡಿಯಾರಗಳು. ಭಾರತದಲ್ಲಿ ಆಧುನಿಕ ಖಗೋಳವಿಜ್ಞಾನಕ್ಕೆ ನೆಲೆ ಸಿಕ್ಕಿದ್ದು ಇಲ್ಲಿ ಎಂದು ಇತಿಹಾಸಕಾರರು ಬರೆಯುತ್ತಾರೆ. ಕಾಂತವಿಜ್ಞಾನದ ಕಥೆಯನ್ನೂ ಇಲ್ಲಿಂದಲೇ ಶುರುಮಾಡಬಹುದು. ಶಾಲೆಯ ಮಕ್ಕಳಿಗೆ ಹಾಗೆ ಹೇಳಿದರೆ ಪಾಠ ಬೇಗ ಹತ್ತುತ್ತದೆ ಎಂಬುದು ನನ್ನ ನಂಬಿಕೆ.

ಪೆಟ್ರಿಯ ಕಾಲದ ಕಂಪನಿಗೆ ನಕ್ಷತ್ರಗಳ ಮೇಲೆ ಪ್ರೀತಿ ಉಕ್ಕಿರಲಿಲ್ಲ. ಕೋರಮಂಡಲ ಕರಾವಳಿಯಲ್ಲಿ ಒಳ್ಳೆಯ ಬಂದರಿಲ್ಲ, ಬಿರುಗಾಳಿ ಹೆಚ್ಚು, ಹಡಗುಗಳು ಮುಳುಗುತ್ತಿದ್ದವು. ಪ್ರತಿ ಹಡಗಿನಲ್ಲೂ ದಿಕ್ಸೂಚಿ ಇತ್ತು, ನಿಜ. ಆದರೆ ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರ ಭೂಮಿ ತಿರುಗುವ ಅಕ್ಷದ ಉತ್ತರವಲ್ಲ. ಎರಡರ ನಡುವೆ ಒಂದು ಕೋನ ಇರುತ್ತದೆ. ಅದು ಊರಿನಿಂದ ಊರಿಗೆ ಬೇರೆ, ಒಂದೇ ಊರಿನಲ್ಲೂ ದಶಕದಿಂದ ದಶಕಕ್ಕೆ ಬೇರೆ. ಈ ಕೋನವನ್ನು ದಿಕ್ಪಾತ ಎನ್ನುತ್ತಾರೆ. ಮುಳ್ಳು ಎಷ್ಟು ತಪ್ಪು ತೋರಿಸುತ್ತಿದೆ ಎಂದು ತಿಳಿಯಬೇಕಾದರೆ ನಿಜವಾದ ಉತ್ತರ ಗೊತ್ತಿರಬೇಕು, ಅದನ್ನು ಹೇಳಬಲ್ಲದ್ದು ಆಕಾಶ ಮಾತ್ರ. ಹೀಗೆ ಕಾಂತದ ಮುಳ್ಳಿಗೂ ನಕ್ಷತ್ರಕ್ಕೂ ನಂಟು ಬಿತ್ತು.

ಭೂಮಿಯೇ ಒಂದು ದೊಡ್ಡ ಕಾಂತ ಎಂದು 1600ರಲ್ಲೇ ವಿಲಿಯಂ ಗಿಲ್ಬರ್ಟ್ ಎಂಬ ಇಂಗ್ಲೆಂಡಿನ ವೈದ್ಯ ಹೇಳಿದ್ದ. ಸೂಜಿಗಲ್ಲನ್ನು ಉಂಡೆಯಾಗಿ ಕಡೆದು, ಅದರ ಮೇಲೆ ಪುಟ್ಟ ಮುಳ್ಳನ್ನು ಅಲ್ಲಲ್ಲಿ ಇಟ್ಟು ನೋಡಿ ಅವನು ಈ ಮಾತಿಗೆ ಬಂದಿದ್ದ. ಇಲ್ಲಿ ತರಗತಿಯಲ್ಲಿ ಪ್ರತಿವರ್ಷ ಏಳುವ ಒಂದು ಗೊಂದಲವನ್ನು ಬಿಡಿಸಿಬಿಡಬೇಕು. ವಿಜಾತಿ ಧ್ರುವಗಳು ಆಕರ್ಷಿಸುತ್ತವೆ, ಸಜಾತಿ ಧ್ರುವಗಳು ವಿಕರ್ಷಿಸುತ್ತವೆ. ಹಾಗಿದ್ದರೆ ಮುಳ್ಳಿನ ಉತ್ತರ ಧ್ರುವ ಭೂಮಿಯ ಉತ್ತರದ ಕಡೆಗೇಕೆ ತಿರುಗುತ್ತದೆ? ಭೂಮಿ ಎಂಬ ಕಾಂತದ ದಕ್ಷಿಣ ಧ್ರುವ ಇರುವುದು ಉತ್ತರದಲ್ಲಿ, ಅದಕ್ಕೆ. ಇನ್ನೊಂದು ಸಂಗತಿ: ಮುಳ್ಳನ್ನು ಮೇಲೆ ಕೆಳಗೆ ಆಡುವಂತೆ ತೂಗುಹಾಕಿದರೆ ಅದು ನೆಲದ ಕಡೆಗೆ ಬಾಗುತ್ತದೆ. ಧ್ರುವಗಳ ಹತ್ತಿರ ನೆಟ್ಟಗೆ ನಿಲ್ಲುವಷ್ಟು ಬಾಗು, ನಡುಭಾಗದಲ್ಲಿ ಬಾಗೇ ಇಲ್ಲ. ಆ ಬಾಗಿಲ್ಲದ ಗೆರೆ, ಅಂದರೆ ಕಾಂತೀಯ ಸಮಭಾಜಕ, ಹಾಯುವುದು ನಮ್ಮ ದಕ್ಷಿಣ ಭಾರತದ ತುದಿಯ ಮೇಲೆ. ಮುಂದಿನ ಕಥೆಗೆ ಇದು ಮುಖ್ಯ.

ಪೆಟ್ರಿ ಊರಿಗೆ ಹೊರಟಾಗ ವೀಕ್ಷಣಾಲಯ ಕಂಪನಿಯ ಪಾಲಾಯಿತು. ಮೈಕೆಲ್ ಟಾಪಿಂಗ್ ಎಂಬ ಸರ್ವೆ ಅಧಿಕಾರಿಯ ಉಸ್ತುವಾರಿಯಲ್ಲಿ 1792ರಲ್ಲಿ ಪಕ್ಕದ ನುಂಗಂಬಾಕ್ಕಂನಲ್ಲಿ ಹೊಸ ಕಟ್ಟಡ ಎದ್ದಿತು. ಉಪಕರಣ ನಿಲ್ಲಿಸಲು ತಂದ ಸುಮಾರು ಹತ್ತು ಟನ್ನಿನ ಗ್ರಾನೈಟ್ ಕಂಬ ಅಲ್ಲಿನ ಹವಾಮಾನ ಇಲಾಖೆಯ ಆವರಣದಲ್ಲಿ ಈಗಲೂ ಇದೆ. ಅದರ ಮೇಲಿನ ಬರಹ ಲ್ಯಾಟಿನ್, ತಮಿಳು, ತೆಲುಗು ಮೊದಲಾದ ಭಾಷೆಗಳಲ್ಲಿದೆ. ಶೆಲ್ಟನ್ ಗಡಿಯಾರಗಳಲ್ಲಿ ಒಂದನ್ನು ಕೊಡೈಕೆನಾಲಿನಲ್ಲಿ ಇಟ್ಟುಕೊಂಡಿದ್ದಾರೆ. 1820ರ ಸುಮಾರಿಗೆ ಈ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಜಾನ್ ಗೋಲ್ಡಿಂಗ್‌ಹ್ಯಾಮ್ ಸೇಂಟ್ ಜಾರ್ಜ್ ಕೋಟೆಯಿಂದಲೂ ಸೇಂಟ್ ಥಾಮಸ್ ಮೌಂಟಿನಿಂದಲೂ ಹಾರುವ ತೋಪಿನ ಬೆಳಕು ಕಂಡ ಕ್ಷಣಕ್ಕೂ ಸದ್ದು ಕೇಳಿದ ಕ್ಷಣಕ್ಕೂ ಇರುವ ಅಂತರ ಅಳೆದು ಶಬ್ದದ ವೇಗ ಲೆಕ್ಕಹಾಕುತ್ತಿದ್ದ.

ಅದೇ 1820ರಲ್ಲಿ ದೂರದ ಕೋಪನ್‌ಹೇಗನ್ನಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಒಂದು ಸೋಜಿಗ ಕಂಡ. ತಂತಿಯಲ್ಲಿ ವಿದ್ಯುತ್ ಹರಿಸಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ನಿಲ್ಲಿಸಿದರೆ ಮರಳಿ ಉತ್ತರಕ್ಕೆ ಬಂತು. ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡಿದರೆ ಮುಳ್ಳು ಎದುರು ದಿಕ್ಕಿಗೆ ತಿರುಗಿತು. ಅಲ್ಲಿಯವರೆಗೆ ಕಾಂತ ಒಂದು ವಿದ್ಯೆ, ವಿದ್ಯುತ್ತು ಬೇರೊಂದು ವಿದ್ಯೆ. ಆ ಜುಲೈನಲ್ಲಿ ಅರ್ಸ್ಟೆಡ್ ಪ್ರಕಟಿಸಿದ ನಾಲ್ಕು ಪುಟದ ಲ್ಯಾಟಿನ್ ಲೇಖನ ಎರಡನ್ನೂ ಒಂದುಮಾಡಿತು. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಬಳೆಬಳೆಯಾಗಿ ಸುತ್ತುತ್ತದೆ. ಬಲಗೈಯಿಂದ ತಂತಿಯನ್ನು ಹಿಡಿದಂತೆ ಊಹಿಸಿ, ಹೆಬ್ಬೆರಳು ವಿದ್ಯುತ್ ಹರಿಯುವ ಕಡೆಗಿದ್ದರೆ ಉಳಿದ ಬೆರಳುಗಳು ಸುತ್ತುವ ದಿಕ್ಕೇ ಕ್ಷೇತ್ರದ ದಿಕ್ಕು.

ಒಂದು ತಂತಿಯ ಕ್ಷೇತ್ರ ತೀರಾ ಸಣ್ಣದು. ತಂತಿಯನ್ನು ಸುರುಳಿ ಸುತ್ತಿದರೆ ಪ್ರತಿ ಸುತ್ತಿನ ಪಾಲೂ ಒಳಗೆ ಒಂದೇ ದಿಕ್ಕಿನಲ್ಲಿ ಕೂಡಿಕೊಳ್ಳುತ್ತದೆ. ಸುರುಳಿಯ ಒಳಗೆ ಮೆದುಕಬ್ಬಿಣ ಇಟ್ಟರೆ ಕಬ್ಬಿಣದ ಒಳಗಿನ, ದಿಕ್ಕಿಗೊಂದಾಗಿ ಮುಖ ಮಾಡಿದ್ದ ಕಾಂತೀಯ ವಲಯಗಳೆಲ್ಲ ಒಂದೇ ಕಡೆ ತಿರುಗಿ ನಿಂತು ಬಲ ನೂರಾರು ಪಟ್ಟು ಏರುತ್ತದೆ. ಇದೇ ವಿದ್ಯುತ್ಕಾಂತ. 1825ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಸ್ಟರ್ಜನ್ ತೋರಿಸಿದ ಲಾಳಾಕಾರದ ಕಬ್ಬಿಣ ಸುಮಾರು 200 ಗ್ರಾಂ ತೂಗುತ್ತಿತ್ತು, ಎತ್ತಿದ್ದು 4 ಕಿಲೋ. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಸುತ್ತಿ ಸುತ್ತುಗಳನ್ನು ಒತ್ತೊತ್ತಾಗಿ ಹೇರಿದ. 1831ರ ಹೊತ್ತಿಗೆ ಅವನ ಕಾಂತ 900 ಕಿಲೋಗಿಂತ ಹೆಚ್ಚು ತೂಕ ಹೊತ್ತಿತು. ಮನೆಯಲ್ಲಿ ಇದನ್ನು ನೋಡಬೇಕೆಂದರೆ ಮೂರಿಂಚಿನ ಮೊಳೆ, ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ತಾಮ್ರದ ತಂತಿ, ಒಂದು ಟಾರ್ಚ್ ಸೆಲ್ ಸಾಕು. ತಂತಿಯ ಎರಡು ತುದಿಯ ಎನಾಮಲ್ ಕೆರೆದು ಸೆಲ್ಲಿಗೆ ಹಿಡಿಯಿರಿ. ಇಪ್ಪತ್ತು ಸುತ್ತಿಗೆ ಎಷ್ಟು ಗುಂಡುಪಿನ್ನು ಎದ್ದವು, ಅರವತ್ತು ಸುತ್ತಿಗೆ ಎಷ್ಟು ಎದ್ದವು ಎಂದು ಎಣಿಸಿ. ತಂತಿ ಬೇಗ ಬಿಸಿಯಾಗುತ್ತದೆ, ಕೆಲವೇ ಸೆಕೆಂಡು ಹಿಡಿದು ಬಿಡಿ. ಮನೆಯ ಗೋಡೆಯ ಪ್ಲಗ್ಗಿಗೆ ಎಂದಿಗೂ ಹಚ್ಚಬೇಡಿ.

ಮದ್ರಾಸಿಗೆ ಮರಳೋಣ. 1837ರ ಸುಮಾರಿಗೆ ಅಲ್ಲಿನ ಖಗೋಳಜ್ಞ ಟಿ. ಜಿ. ಟೇಲರ್ ಮತ್ತು ತಿರುವಾಂಕೂರು ಮಹಾರಾಜರ ವೀಕ್ಷಣಾಲಯದ ಜಾನ್ ಕಾಲ್ಡಿಕಾಟ್ ಕೂಡಿ, ಮುಳ್ಳಿನ ಬಾಗು ಅಳೆಯುವ ಬಾಗುಸೂಜಿಯನ್ನು ಹೊತ್ತುಕೊಂಡು ದಕ್ಷಿಣ ಭಾರತದ ಊರೂರುಗಳಲ್ಲಿ ಭೂಕಾಂತತೆ ಅಳೆದರು. ಆಗ ಯುರೋಪಿನಲ್ಲಿ ಜರ್ಮನಿಯ ವಿಜ್ಞಾನಿಗಳಾದ ಗೌಸ್ ಮತ್ತು ವೆಬರ್ ಅವರ ಪ್ರೇರಣೆಯಿಂದ ಭೂಮಿಯ ಕಾಂತಕ್ಷೇತ್ರವನ್ನು ಜಗತ್ತಿನ ಎಲ್ಲ ಕಡೆ ಏಕಕಾಲಕ್ಕೆ ಅಳೆಯುವ ದೊಡ್ಡ ಯೋಜನೆ ಹೊರಟಿತ್ತು. ಲಂಡನ್ನಿನ ರಾಯಲ್ ಸೊಸೈಟಿ ಒತ್ತಾಯಿಸಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮದ್ರಾಸು, ಸಿಮ್ಲಾ, ಸಿಂಗಪುರ, ಬೊಂಬಾಯಿಯ ಕೊಲಾಬಾಗಳಲ್ಲಿ ಕಾಂತೀಯ ವೀಕ್ಷಣೆಗೆ ಒಪ್ಪಿತು. ಮದ್ರಾಸಿನಲ್ಲಿ 1841ರಿಂದ ಕೆಲಸ ನಡೆಯಿತು. ಮುಂದೆ ಡಬ್ಲ್ಯು. ಎಸ್. ಜೇಕಬ್ ಉಸ್ತುವಾರಿಯಲ್ಲಿ ತೆಗೆದ ಅಂಕಿಗಳು ದಪ್ಪ ಸಂಪುಟಗಳಾಗಿ ಅಚ್ಚಾದವು.

ಆ ಕೆಲಸದ ಕೋಣೆ ಎಂಥದ್ದು ಎಂದು ಸ್ವಲ್ಪ ನಿಂತು ನೋಡಬೇಕು. ಇಂಥ ವೀಕ್ಷಣಾಲಯಗಳಿಗೆ ಕೊಟ್ಟ ಸೂಚನೆಯಲ್ಲಿ ಮೊದಲನೆಯದೇ ಕಬ್ಬಿಣ ಕೂಡದು ಎಂಬುದು. ಕದದ ತಿರುಗಣಿ, ಕಿಟಕಿಯ ಚಿಲಕ, ಹಲಗೆಗೆ ಹೊಡೆದ ಮೊಳೆ ಎಲ್ಲವೂ ತಾಮ್ರ, ಹಿತ್ತಾಳೆ ಅಥವಾ ಮರದ್ದಾಗಬೇಕು. ಸಲಾಕೆಯಂಥ ಕಾಂತವನ್ನು ತಿರುಚದ ರೇಷ್ಮೆ ಎಳೆಗಳಿಂದ ತೂಗುಹಾಕಿ ಗಾಳಿ ತಾಗದಂತೆ ಪೆಟ್ಟಿಗೆಯಲ್ಲಿ ಮುಚ್ಚುತ್ತಿದ್ದರು. ಬರಿಗಣ್ಣಿಗೆ ಕಾಣದ ಅದರ ಅಲುಗಾಟವನ್ನು ಸೂಕ್ಷ್ಮ ಅಳತೆಪಟ್ಟಿಯ ಮೇಲೆ ದೂರದಿಂದ ಸಣ್ಣ ದೂರದರ್ಶಕದಲ್ಲಿ ಓದಬೇಕು. ಗಂಟೆಗಂಟೆಗೂ ಓದುವ ಕೆಲಸ ಮುಖ್ಯವಾಗಿ ಸ್ಥಳೀಯ ಸಹಾಯಕರದ್ದು. ಅವರ ಹೆಸರುಗಳು ಆ ಅಂಕಿಗಳ ಸಂಗಡ ಲೋಕಕ್ಕೆ ತಿಳಿಯಬೇಕಿತ್ತು. ತಿಂಗಳಿಗೊಮ್ಮೆ ಗೊತ್ತುಪಡಿಸಿದ ದಿನದಲ್ಲಂತೂ ಇಪ್ಪತ್ನಾಲ್ಕು ಗಂಟೆ ಬಿಡುವಿಲ್ಲದೆ, ಕೆಲವೇ ನಿಮಿಷಗಳಿಗೊಮ್ಮೆ ಓದಬೇಕಿತ್ತು. ಎಲ್ಲ ದೇಶಗಳಲ್ಲೂ ಅದು ಒಂದೇ ಕ್ಷಣದಲ್ಲಿ ನಡೆಯಬೇಕಾದ್ದರಿಂದ ಗೌಸ್‌ನ ಊರಾದ ಗಾಟಿಂಗನ್ನಿನ ಗಡಿಯಾರವೇ ಪ್ರಮಾಣ. ಅಲ್ಲಿ ನಡುಹಗಲು ಹನ್ನೆರಡು ಎಂದರೆ ಮದ್ರಾಸಿನ ಸೂರ್ಯನ ಪ್ರಕಾರ ಸಂಜೆ ಸುಮಾರು 4 ಗಂಟೆ 41 ನಿಮಿಷ.

ಈ ಕಟ್ಟುನಿಟ್ಟು ವ್ಯರ್ಥವಾಗಲಿಲ್ಲ. 1859ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದ ಹೊರಟ ಮಹಾ ಕಾಂತೀಯ ಬಿರುಗಾಳಿ ಭೂಮಿಗೆ ಅಪ್ಪಳಿಸಿದಾಗ ಕೊಲಾಬಾದಲ್ಲಿ ಕುಳಿತು ಓದಿದವರ ದಾಖಲೆಯನ್ನು ವಿಜ್ಞಾನಿಗಳು ಇಂದಿಗೂ ತೆಗೆದು ಲೆಕ್ಕ ಮಾಡುತ್ತಾರೆ. ಮಾಮೂಲಿ ದಿನಗಳಲ್ಲಿಯೂ ಸೂಜಿ ಸುಮ್ಮನಿರುತ್ತಿರಲಿಲ್ಲ. ಬೆಳಿಗ್ಗೆ ಸೂರ್ಯ ಏರಿದಂತೆ ಒಂದು ಕಡೆಗೆ ಸರಿದು, ಮಧ್ಯಾಹ್ನ ದಾಟಿದ ಮೇಲೆ ಹಿಂದಿರುಗುತ್ತಿತ್ತು. ರಾತ್ರಿ ಹೆಚ್ಚುಕಡಿಮೆ ನಿಶ್ಚಲ. ಭೂಮಿಯ ಆಳದಲ್ಲಿರುವ ಕಾಂತಕ್ಕೆ ಬಿಸಿಲು ಹೇಗೆ ತಟ್ಟೀತು?

ಉತ್ತರ ಬಂದದ್ದು ನಿಧಾನವಾಗಿ. 1882ರಲ್ಲಿ ಬಾಲ್ಫೋರ್ ಸ್ಟುವರ್ಟ್, ವಾಯುಮಂಡಲದ ಮೇಲುಸ್ತರದಲ್ಲಿ ವಿದ್ಯುತ್ ಪ್ರವಾಹ ಇರಬೇಕು, ಅದೇ ಸೂಜಿಯನ್ನು ಅಲುಗಿಸುತ್ತಿದೆ ಎಂದ. ಅವನ ಊಹೆ ನಿಜವಾಯಿತು. ನೆಲದಿಂದ ನೂರು ಕಿಲೋಮೀಟರಿನಷ್ಟು ಮೇಲೆ ಬಿಸಿಲಿಗೆ ಗಾಳಿಯ ಕಣಗಳು ಒಡೆದು ವಿದ್ಯುತ್ ಹರಿಯುವಂತಾಗುತ್ತದೆ. ಕಾಂತೀಯ ಸಮಭಾಜಕದ ಉದ್ದಕ್ಕೆ ಹಗಲಿನಲ್ಲಿ ಈ ಪ್ರವಾಹ ಪೂರ್ವಕ್ಕೆ ಬಲವಾಗಿ ಹರಿಯುತ್ತದೆ. 1951ರಲ್ಲಿ ಸಿಡ್ನಿ ಚಾಪ್‌ಮನ್ ಇದಕ್ಕೆ ಇಕ್ವಟೋರಿಯಲ್ ಇಲೆಕ್ಟ್ರೋಜೆಟ್ ಎಂದು ಹೆಸರಿಟ್ಟ. ಮದ್ರಾಸಿನಿಂದ 1899ರಲ್ಲಿ ವೀಕ್ಷಣಾಲಯ ಕೊಡೈಕೆನಾಲಿಗೆ ಹೋದ ಮೇಲೆ ಅಲ್ಲಿ ಮಾಡಿದ ಕಾಂತೀಯ ಅಳತೆಗಳು, ಆಮೇಲೆ ತಿರುನಲ್ವೇಲಿ ಕಡೆಯ ಅಳತೆಗಳು ಈ ಪ್ರವಾಹವನ್ನು ಅರಿಯಲು ಬಹಳ ನೆರವಾದವು. ನುಂಗಂಬಾಕ್ಕಂನ ಆ ಸಹಾಯಕರು ಹಗಲೂ ರಾತ್ರಿ ಬರೆದಿಟ್ಟದ್ದರಲ್ಲಿ ಒಂದು ಭಾಗ ಅರ್ಸ್ಟೆಡ್ ಮೇಜಿನ ಮೇಲೆ ಕಂಡ ಸಂಗತಿಯೇ. ತಂತಿಯ ಜಾಗದಲ್ಲಿ ಆಕಾಶವಿತ್ತು ಅಷ್ಟೆ. ಕಾಂತವಿಜ್ಞಾನದ ಇಡೀ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಘಟ್ಟ ಇದು.

ಇಷ್ಟರಲ್ಲಿ ನೆಲದ ಮೇಲೂ ಪ್ರವಾಹ ಹರಿಯತೊಡಗಿತು. 1895ರ ಮೇ 7ರಂದು ಮದ್ರಾಸಿನಲ್ಲಿ ಭಾರತದ ಮೊದಲ ಎಲೆಕ್ಟ್ರಿಕ್ ಟ್ರಾಮ್ ಓಡಿತು. ಮೊದಲು ವಿದ್ಯುತ್ತನ್ನು ರಸ್ತೆಯ ಕೆಳಗಿನ ಕಾಲುವೆಯಲ್ಲಿ ಒಯ್ದಿದ್ದರು. ಮಳೆಗಾಲದ ನೀರು ಅದನ್ನು ಉಳಿಯಗೊಡಲಿಲ್ಲ, ಕಡೆಗೆ ತಂತಿ ತಲೆಯ ಮೇಲೆ ಹೋಯಿತು. ಟ್ರಾಮ್ ಎಂದರೆ ಬರಿಯ ಅನುಕೂಲವಲ್ಲ, ಸೂಜಿಯ ಶತ್ರು ಕೂಡ. ಹಳಿಯಿಂದ ನೆಲಕ್ಕೆ ಸೋರುವ ವಿದ್ಯುತ್ತು ತನ್ನದೇ ಕಾಂತಕ್ಷೇತ್ರ ಎಬ್ಬಿಸಿ ಅಳತೆ ಕೆಡಿಸುತ್ತದೆ. ಬೊಂಬಾಯಿಯಲ್ಲಿ ಟ್ರಾಮುಗಳಿಗೆ ವಿದ್ಯುತ್ ಬರುತ್ತದೆಂದು ಗೊತ್ತಾದಾಗ ಕೊಲಾಬಾದ ನಿರ್ದೇಶಕ ನಾನಾಭಾಯ್ ಮೂಸ್ ಸಮುದ್ರದಾಚೆಯ ಅಲಿಬಾಗನ್ನು ಆರಿಸಿ ಅಲ್ಲಿ 1904ರಲ್ಲಿ ಹೊಸ ಕಾಂತೀಯ ವೀಕ್ಷಣಾಲಯ ತೆರೆದರು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ಹಳೆಯ ಸರಣಿ ಕಡಿಯದಂತೆ ಹೊಸದಕ್ಕೆ ಜೋಡಿಸಿದ ಮೇಲೆಯೇ ಕೊಲಾಬಾದ್ದನ್ನು ನಿಲ್ಲಿಸಿದರು. ಇಷ್ಟು ದೂರದೃಷ್ಟಿಯ ಕೆಲಸ ನಮ್ಮ ಸಂಸ್ಥೆಗಳಲ್ಲಿ ಅಪರೂಪ.

ನಮ್ಮ ಮೈಸೂರು ರಾಜ್ಯದಲ್ಲಿ ಇದೇ ಕಾಲಕ್ಕೆ, 1902ರಲ್ಲಿ, ಶಿವನಸಮುದ್ರದ ನೀರು ಜನರೇಟರು ತಿರುಗಿಸಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಅರ್ಸ್ಟೆಡ್ ಕಂಡದ್ದು ವಿದ್ಯುತ್ತಿನಿಂದ ಕಾಂತ. 1831ರಲ್ಲಿ ಫ್ಯಾರಡೆ ಅದನ್ನು ತಿರುವುಮುರುವು ಮಾಡಿ, ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು ತೋರಿಸಿದ್ದ. ಶಿವನಸಮುದ್ರ ಅದರ ದೊಡ್ಡ ರೂಪ.

ಎಗ್ಮೋರಿನ ಈಗಿನ ನಿಲ್ದಾಣ ತೆರೆದದ್ದು 1908ರ ಜೂನ್ 11ರಂದು. ನಕ್ಷೆ ಹೆನ್ರಿ ಇರ್ವಿನ್‌ನದು, ಕಟ್ಟಿಸಿದ ಗುತ್ತಿಗೆದಾರ ಬೆಂಗಳೂರಿನ ಟಿ. ಸ್ವಾಮಿನಾಥ ಪಿಳ್ಳೆ. ಅದು ಸೌತ್ ಇಂಡಿಯನ್ ರೈಲ್ವೆಯ ಮೀಟರ್ ಗೇಜ್ ಹಾದಿಯ ಹೆಬ್ಬಾಗಿಲು. ಊರು ತಾಂಬರಂ ಕಡೆಗೆ ಬೆಳೆಯುತ್ತಿತ್ತು. ನಾಲ್ಕು ಹೆಜ್ಜೆಗೊಂದು ನಿಲ್ದಾಣವಿರುವ ಹಾದಿಯಲ್ಲಿ ಉಗಿಬಂಡಿ ಒಮ್ಮೆ ನಿಂತರೆ ವೇಗ ಹಿಡಿಯುವಷ್ಟರಲ್ಲಿ ಮುಂದಿನ ನಿಲ್ದಾಣ ಬಂದಿರುತ್ತದೆ. ಬೊಂಬಾಯಿಯಲ್ಲಿ 1925ರಿಂದ ವಿದ್ಯುತ್ ರೈಲು ಓಡುತ್ತಿತ್ತು. ಮದ್ರಾಸಿನವರು ಬೀಚ್ ನಿಲ್ದಾಣದಿಂದ ಎಗ್ಮೋರಿನ ಮೇಲೆ ಹಾದು ತಾಂಬರಂಗೆ ಹೋಗುವ ಸುಮಾರು 29 ಕಿಲೋಮೀಟರಿಗೆ ತಂತಿ ಎಳೆದರು. ಗವರ್ನರ್ ಜಾರ್ಜ್ ಫ್ರೆಡರಿಕ್ ಸ್ಟ್ಯಾನ್ಲಿ 1931ರ ಏಪ್ರಿಲ್ 2ರಂದು ಉದ್ಘಾಟಿಸಿದರು, ಮೇ 11ರಿಂದ ಜನ ಹತ್ತಿದರು. ತಂತಿಯಲ್ಲಿದ್ದದ್ದು 1,500 ವೋಲ್ಟಿನ ನೇರ ವಿದ್ಯುತ್. ಮೀಟರ್ ಗೇಜಿನಲ್ಲಿ ವಿದ್ಯುತ್ ರೈಲು ಭಾರತಕ್ಕೆ ಇದೇ ಮೊದಲು.

ಬೋಗಿಯ ಕೆಳಗೆ, ಚಕ್ರಗಳ ನಡುವೆ ಒಂದು ಮೀಟರೂ ಸಿಗದ ಜಾಗದಲ್ಲಿ ಮೋಟಾರು ಕೂರಬೇಕು. ಹೊರಚಿಪ್ಪಿಗೆ ಅಂಟಿದಂತೆ ಕಬ್ಬಿಣದ ಧ್ರುವಗಳು, ಅವುಗಳ ಸುತ್ತ ದಪ್ಪ ತಾಮ್ರದ ಸುರುಳಿ: ಇವು ನಮ್ಮ ಮೊಳೆಯ ವಿದ್ಯುತ್ಕಾಂತಗಳೇ. ನಡುವೆ ತಿರುಗುವ ಆರ್ಮೇಚರಿನ ತೋಡುಗಳಲ್ಲಿ ಇನ್ನಷ್ಟು ಸುರುಳಿಗಳು. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ ಹರಿದರೆ ಅದನ್ನು ಪಕ್ಕಕ್ಕೆ ತಳ್ಳುವ ಬಲ ಹುಟ್ಟುತ್ತದೆ. ಒಂದು ಬದಿಯ ತಂತಿ ಮೇಲಕ್ಕೆ, ಎದುರು ಬದಿಯದು ಕೆಳಕ್ಕೆ, ಆರ್ಮೇಚರ್ ತಿರುಗುತ್ತದೆ. ಅರ್ಧ ಸುತ್ತಿನ ನಂತರ ಬಲ ಹಿಂದುಮುಂದಾಗಿ ಅಲ್ಲೇ ಹೊಯ್ದಾಡಬಾರದೆಂದು ತಾಮ್ರದ ಪಟ್ಟಿಗಳ ಕಾಮ್ಯುಟೇಟರ್, ಅದರ ಮೇಲೆ ಉಜ್ಜುವ ಇದ್ದಿಲಿನ ಬ್ರಷ್ಷುಗಳು ವಿದ್ಯುತ್ತಿನ ದಿಕ್ಕನ್ನು ಸರಿಯಾದ ಹೊತ್ತಿಗೆ ಬದಲಿಸುತ್ತಲೇ ಇರುತ್ತವೆ. ಜಾಣ್ಮೆ ಇರುವುದು ಜೋಡಣೆಯಲ್ಲಿ. ಧ್ರುವದ ಸುರುಳಿ, ಆರ್ಮೇಚರಿನ ಸುರುಳಿ ಎರಡರಲ್ಲೂ ಒಂದೇ ವಿದ್ಯುತ್ ಸಾಲಾಗಿ ಹರಿಯುತ್ತದೆ. ರೈಲು ನಿಂತಿರುವಾಗ ವಿದ್ಯುತ್ ಹೆಚ್ಚು, ಕ್ಷೇತ್ರ ಬಲವಾಗಿರುತ್ತದೆ, ತಂತಿಯ ಮೇಲಿನ ತಳ್ಳುವಿಕೆಯೂ ಬಲವಾಗಿರುತ್ತದೆ. ವಿದ್ಯುತ್ ಎರಡರಷ್ಟಾದರೆ ತಿರುಗುಬಲ ನಾಲ್ಕರಷ್ಟರ ಹತ್ತಿರ ಹೋಗುತ್ತದೆ, ಕಬ್ಬಿಣ ಕಾಂತತ್ವದಲ್ಲಿ ತುಂಬಿಹೋಗುವವರೆಗೆ. ನಿಂತಲ್ಲಿಂದ ಹೊರಡುವ ಬಂಡಿಗೆ ಬೇಕಾದದ್ದು ಇದೇ.

ಸಿಗ್ನಲಿನಲ್ಲೂ ವಿದ್ಯುತ್ಕಾಂತವಿದೆ. ಹಳಿಯ ಒಂದು ತುಂಡಿನಲ್ಲಿ ಸಣ್ಣ ವಿದ್ಯುತ್ ಹರಿಸಿ ಅದರ ತುದಿಯಲ್ಲಿ ರಿಲೇ ಇಡುತ್ತಾರೆ. ಹಾದಿ ಖಾಲಿಯಿದ್ದರೆ ರಿಲೇಯ ಕಾಂತ ಕಬ್ಬಿಣದ ನಾಲಗೆಯನ್ನು ಎತ್ತಿ ಹಿಡಿದಿರುತ್ತದೆ. ರೈಲಿನ ಗಾಲಿ, ಅಚ್ಚು ಎರಡೂ ಹಳಿಯನ್ನು ಕೂಡಿಸಿದ ಕೂಡಲೇ ವಿದ್ಯುತ್ ಆ ಅಡ್ಡದಾರಿ ಹಿಡಿಯುತ್ತದೆ, ಕಾಂತ ಬಲಗುಂದಿ ನಾಲಗೆ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಹಳಿ ಮುರಿದರೂ, ಬ್ಯಾಟರಿ ಸತ್ತರೂ ಹಾಗೆಯೇ ಕೆಂಪು.

1960ರ ದಶಕದಲ್ಲಿ ಈ ಹಾದಿಯನ್ನು 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಬದಲಿಸಿದರು. ಅಷ್ಟೇ ಶಕ್ತಿಯನ್ನು ಕಳಿಸಲು ವಿದ್ಯುತ್ ಪ್ರವಾಹ ಹದಿನೇಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅದೇ ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ಸುಮಾರು 280ರಲ್ಲಿ ಒಂದು ಪಾಲಿಗೆ. ಮೀಟರ್ ಗೇಜಿನ ಉಪನಗರ ರೈಲು 2004ರ ಜುಲೈ 1ಕ್ಕೆ ಮುಗಿದು ಬ್ರಾಡ್ ಗೇಜ್ ಬಂತು. ಈಚಿನ ರೈಲುಗಳಲ್ಲಿ ಬ್ರಷ್ಷೂ ಕಾಮ್ಯುಟೇಟರೂ ಇಲ್ಲದ ಮೂರು ಫೇಸಿನ ಮೋಟಾರುಗಳಿವೆ. ಬ್ರೇಕ್ ಹಾಕುವಾಗ ಅವೇ ಮೋಟಾರುಗಳು ಜನರೇಟರುಗಳಾಗಿ ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುತ್ತವೆ. ಫ್ಯಾರಡೆಯ 1831ರ ಸುರುಳಿ ಅಲ್ಲಿ ದಿನಕ್ಕೆ ಎಷ್ಟು ಸಲ ದುಡಿಯುತ್ತದೋ.

ಕರ್ನಾಟಕದ ಶಾಲೆಗಳಿಂದ ಮಕ್ಕಳನ್ನು ಚೆನ್ನೈಗೆ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ಮರೀನಾ ನೋಡಿದ ಮೇಲೆ ಅರ್ಧ ದಿನ ಎಗ್ಮೋರಿಗೆ ಕೊಡಿ. ವಸ್ತುಸಂಗ್ರಹಾಲಯ ತೋರಿಸಿ, ನಿಲ್ದಾಣದಲ್ಲಿ ಟಿಕೆಟ್ ಕೊಂಡು ಉಪನಗರ ರೈಲಿನಲ್ಲಿ ತಾಂಬರಂವರೆಗೆ ಮಕ್ಕಳನ್ನು ಕೂರಿಸಿ. ಹೊರಡುವ ಮೊದಲು ಪ್ರತಿ ಮಗುವಿನ ಕೈಗೂ ಒಂದು ಅಗ್ಗದ ದಿಕ್ಸೂಚಿ ಕೊಟ್ಟು, ಬಯಲಿನಲ್ಲಿ, ಪ್ಲಾಟ್‌ಫಾರ್ಮಿನ ಕಬ್ಬಿಣದ ಕಂಬದ ಪಕ್ಕ, ಬೋಗಿಯ ಒಳಗೆ ಮುಳ್ಳು ಎತ್ತ ತಿರುಗಿತೆಂದು ಬರೆದಿಡಲು ಹೇಳಿ. ಮರಳಿ ಬಂದ ಮೇಲೆ ಆ ಬರಹವನ್ನೇ ಇಟ್ಟುಕೊಂಡು ಕಾಂತದ ಪಾಠ ಶುರುಮಾಡಿ.